ಕಸುವೂ ಗುರುವೂ

೨೦೧೬ರಲ್ಲಿ ತಮಿಳಿನಲ್ಲಿ ‘ಇರುದಿ ಸುಟ್ರು’ ಎಂದೂ ಹಿಂದಿಯಲ್ಲಿ ‘ಸಾಲಾ ಖಡೂಸ್’ ಎಂದೂ ತೆರೆಕಂಡ ಸುಧಾ ಕೊಂಗರ ಅವರ ಚಲಚ್ಚಿತ್ರವನ್ನು ಕಂಡು ಕಣ್ಣೊರಸಿಕೊಂಡವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಚೆನ್ನೈಯಲ್ಲಿ ಮೀನು ಮಾರುವ ಹುಡುಗಿಯೊಬ್ಬಳ ಕೈಯ ಕಸುವನ್ನು ಮುಂಗೋಪಿಯಾದ ಮುಷ್ಟಿಯುದ್ಧದ ಶಿಕ್ಷಕನೊಬ್ಬನು ಗುರುತಿಸುತ್ತಾನೆ; ತನ್ನ ಹಣವನ್ನೇ ಕೊಟ್ಟು ಅವಳನ್ನು ಅಭ್ಯಾಸಕ್ಕೆ ಕರೆಯುತ್ತಾನೆ; ಅಧಿಕಾರಿಗಳ ಹಗೆತನವನ್ನು ಸಹಿಸಿಯೂ ಅವಳ ಏಳಿಗೆಗಾಗಿ ದುಡಿಯುತ್ತಾನೆ. ಹುಡುಗಿಯ ಗೆಲುವಿಗಿಂತಲೂ ಗುರುವಿನ ಸ್ಥೈರ್ಯವೇ ಈ ಚಿತ್ರದ ತಿರುಳೆಂದು ನಾವು ಭಾವಿಸುತ್ತೇವೆ.

ಈ ಮಾತನ್ನು ನಮ್ಮ ಗಣೇಶಗುಡಿಯ ಸೀಮೆಗೆ ಅನ್ವಯಿಸಿ ನೋಡಬೇಕಾಗಿದೆ. ಅಲ್ಲಿ ಕಾಳಿ ನದಿಗೆ ಅಡ್ಡಲಾಗಿ ಕಟ್ಟಿದ ಸೂಪಾ ಅಣೆಕಟ್ಟಿನ ಎತ್ತರ ೧೦೧ ಮೀಟರು. ಅದರ ಹಿಂದೆ ನಿಂತ ಜಲರಾಶಿಯು ವಿದ್ಯುದಾಗಾರವನ್ನು ಹಾಯ್ದಲ್ಲದೆ ಬೆಳಕಾಗದು. ಜನರ ಕಸುವಿಗೂ ಇದೇ ನ್ಯಾಯ. ಹಳಿಯಾಳ, ಮುಂಡಗೋಡ ಮುಂತಾದ ತಾಲೂಕುಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಜನರ ಮಕ್ಕಳನ್ನು ಆಯ್ದು ಕ್ರೀಡೆಗಳಲ್ಲಿ ಪಳಗಿಸುವ ಕಾರ್ಯವನ್ನು ೧೯೮೭ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ಕೈಗೊಂಡಿತು. ಕೆಲವರು ಪದಕಗಳನ್ನು ಗಳಿಸಿದರು. ೧೯೯೩ರಲ್ಲಿ ಆ ಏರ್ಪಾಡು ನಿಂತುಹೋಯಿತು. ಹನ್ನೆರಡರ ಹರೆಯದಲ್ಲಿ ಆರಿಸಲ್ಪಟ್ಟ ಮಗುವು ಆರು ವರ್ಷಗಳಲ್ಲಿ ಹದಿನೆಂಟಕ್ಕೆ ಕಾಲಿಡುತ್ತದೆ. ಹೂ ಬಿಟ್ಟ ಮರಕ್ಕೆ ನೀರು ನಿಲ್ಲಿಸಿ ಫಲವಿಲ್ಲವೆಂದು ದೂರುವುದು ಯಾವ ವಿವೇಕ?

ಇನ್ನೊಂದು ದೋಷವನ್ನೂ ಹೇಳದಿರಲಾಗದು. ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು. ಆದುದರಿಂದ ಇವರು ಹುಟ್ಟಿನಿಂದಲೇ ಓಟಗಾರರೆಂದು ಎಣಿಸಿದವರುಂಟು. ಮನುಷ್ಯರನ್ನು ಕುದುರೆಗಳಂತೆ ತಳಿ ನೋಡಿ ಆರಿಸುವುದು ನಮಗೆ ಸಮ್ಮತವಲ್ಲ. ಅವರು ಈ ನಾಡಿನ ಮಕ್ಕಳು. ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆಯನ್ನು ಪಡೆದವರು. ಪದಕ ತಂದರೂ ತರದಿದ್ದರೂ ಶಾಲೆ, ಊಟ, ಉದ್ಯೋಗಗಳಿಗೆ ಅವರು ಹಕ್ಕುದಾರರು.

ಮಹಿಳೆಯರ ಮುಷ್ಟಿಯುದ್ಧಕ್ಕೆ ಒಲಿಂಪಿಕ್ ಕೂಟದಲ್ಲಿ ಮೊದಲು ಎಡೆ ದೊರೆತದ್ದು ೨೦೧೨ರಲ್ಲಿ, ಲಂಡನ್ನಿನಲ್ಲಿ. ಆ ವರ್ಷವೇ ಮಣಿಪುರದ ಬಡ ಕುಟುಂಬದಲ್ಲಿ ಹುಟ್ಟಿದ ಮೇರಿ ಕೋಮ್ ಅವರು ಕಂಚಿನ ಪದಕವನ್ನು ಗೆದ್ದರು. ಬಡತನವಾಗಲಿ ದೂರದ ಊರಾಗಲಿ ತಾನಾಗಿಯೇ ಅಡ್ಡಿಯಲ್ಲ. ದಾರಿ ತೋರುವವರಿಲ್ಲದಿರುವುದೇ ಅಡ್ಡಿ.

ಆದುದರಿಂದ ಸರಕಾರವು ಈ ತಾಲೂಕುಗಳಲ್ಲಿ ಸ್ಥಿರವಾದ ನೌಕರಿಯುಳ್ಳ ಶಿಕ್ಷಕರನ್ನೂ, ಹುಡುಗಿಯರಿಗಾಗಿ ಶಿಕ್ಷಕಿಯರನ್ನೂ ನೇಮಿಸಬೇಕು. ಕೂಲಿಗೆ ಹೋಗುವ ಮನೆಗಳ ಮಕ್ಕಳಿಗೆ ಭತ್ಯೆಯನ್ನು ಕೊಡಬೇಕು. ಕನಿಷ್ಠಪಕ್ಷ ಹನ್ನೆರಡು ವರ್ಷ ಯೋಜನೆಯನ್ನು ನಿಲ್ಲಿಸಕೂಡದು. ಚಿತ್ರಮಂದಿರದಲ್ಲಿ ಕಣ್ಣೀರು ಸುರಿಸಿದ ಅಧಿಕಾರಿಗಳು ಕಚೇರಿಯಲ್ಲಿ ಈ ಮೂರು ಕಾಗದಗಳಿಗೆ ರುಜು ಹಾಕಲಿ.