ಧೂಮಕೇತುವಿನ ದಾರಿ ಮತ್ತು ಅದರ ಬೆಳಕು



ಹೊಸ ಧೂಮಕೇತುವೊಂದು ಬರುತ್ತಿದೆಯೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ನಿಮ್ಮಲ್ಲಿ ಹಲವರು ನನಗೆ ಎರಡು ಪ್ರಶ್ನೆಗಳನ್ನು ಕೇಳುತ್ತೀರಿ. ಅದು ಯಾವಾಗ, ಎಲ್ಲಿ ಕಾಣುತ್ತದೆ? ಎಷ್ಟು ಚೆನ್ನಾಗಿ ಕಾಣುತ್ತದೆ? ಮೇಲ್ನೋಟಕ್ಕೆ ಇವೆರಡೂ ಒಂದೇ ಜಾತಿಯ ಪ್ರಶ್ನೆಗಳು. ಆದರೆ ಮೊದಲನೆಯದಕ್ಕೆ ಸಿಗುವ ಉತ್ತರದ ತೂಕವೇ ಬೇರೆ, ಎರಡನೆಯದರ ತೂಕವೇ ಬೇರೆ. ಧೂಮಕೇತುವಿನ ಸ್ಥಾನವನ್ನು ಗಣಿತವು ಹೇಳಬಲ್ಲದು. ಅದರ ಕಾಂತಿಯನ್ನು ಕೇವಲ ಊಹಿಸಬಲ್ಲದು. ಈ ವ್ಯತ್ಯಾಸವನ್ನು ಜನರಿಗೆ ಬಿಡಿಸಿ ಹೇಳದೆ ಸುದ್ದಿ ಕೊಡುವುದು ಸರಿಯಲ್ಲವೆಂಬುದೇ ಈ ಬರಹದ ವಾದ.

ಆರನೆಯ ಶತಮಾನದ ವರಾಹಮಿಹಿರಾಚಾರ್ಯರು ಬೃಹತ್ಸಂಹಿತೆಯ ಕೇತುಚಾರ ಎಂಬ ಅಧ್ಯಾಯದಲ್ಲಿ, ಕೇತುಗಳು ತೋರುವುದನ್ನೂ ಮರೆಯಾಗುವುದನ್ನೂ ಗಣಿತದಿಂದ ಅರಿಯಲಾಗದೆಂದು ಹೇಳಿದ್ದಾರೆ. ಅದೇ ಅಧ್ಯಾಯದಲ್ಲಿ ಅವುಗಳ ಶುಭಾಶುಭ ಫಲಗಳೂ ಇವೆ. ಅದು ಆ ಕಾಲದ ನಂಬಿಕೆ, ಅದನ್ನು ಅಲ್ಲಿಗೇ ಬಿಡೋಣ. ಗ್ರಹಣಗಳನ್ನು ಗಣಿಸಬಲ್ಲ ಶಾಸ್ತ್ರಜ್ಞರೊಬ್ಬರು ತಮ್ಮ ಗಣಿತ ಎಲ್ಲಿ ನಿಲ್ಲುತ್ತದೆಂಬುದನ್ನು ಹೀಗೆ ಬಾಯಿಬಿಟ್ಟು ಹೇಳಿದರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಆ ಗಡಿಯನ್ನು ಮೊದಲು ದಾಟಿದವನು ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ. 1531, 1607 ಮತ್ತು 1682ರಲ್ಲಿ ಕಂಡ ಧೂಮಕೇತುಗಳ ಕಕ್ಷೆಗಳು ಒಂದನ್ನೊಂದು ಹೋಲುವುದನ್ನು ಗಮನಿಸಿ, ಇವು ಮೂರಲ್ಲ, ಒಂದೇ ಎಂದು 1705ರಲ್ಲಿ ಪ್ರಕಟಿಸಿದನು. 1758ರಲ್ಲಿ ಅದು ಮರಳುವುದೆಂದು ಹೇಳಿದನು. 1742ರಲ್ಲಿ ತೀರಿಕೊಂಡ ಅವನಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ಮುಂದೆ ಫ್ರಾನ್ಸಿನಲ್ಲಿ ಕ್ಲೇರೋ, ಲಲಾಂದ್ ಮತ್ತು ನಿಕೋಲ್ ರೇನ್ ಲೆಪೋಟ್ ಎಂಬ ಮಹಿಳೆ ತಿಂಗಳುಗಟ್ಟಲೆ ಕೈಯಿಂದಲೇ ಲೆಕ್ಕ ಹಾಕಿದರು. ಗುರುಗ್ರಹದ ಸೆಳೆತದಿಂದ 518 ದಿನ, ಶನಿಯಿಂದ 100 ದಿನ ತಡವಾಗುವುದೆಂದೂ, 1759ರ ಏಪ್ರಿಲ್ ಮಧ್ಯದಲ್ಲಿ ಅದು ಸೂರ್ಯನಿಗೆ ಅತಿ ಸಮೀಪ ಬರುವುದೆಂದೂ, ಒಂದು ತಿಂಗಳು ಹೆಚ್ಚುಕಡಿಮೆಯಾಗಬಹುದೆಂದೂ ಅವರ ಲೆಕ್ಕ ಹೇಳಿತು. 1758ರ ಡಿಸೆಂಬರ್ 25ರ ರಾತ್ರಿ ಜರ್ಮನಿಯ ಡ್ರೆಸ್ಡೆನ್ ಬಳಿಯ ಪಾಲಿಟ್ಜ್ ಎಂಬ ರೈತನೊಬ್ಬನು ತನ್ನ ದೂರದರ್ಶಕದಲ್ಲಿ ಅದನ್ನು ಕಂಡನು. ಸೂರ್ಯನಿಗೆ ಅತಿ ಸಮೀಪ ಬಂದ ದಿನ 1759ರ ಮಾರ್ಚ್ 13. ಹೇಳಿದ್ದ ಅಂತರದೊಳಗೇ ಎನ್ನಬಹುದು. ಎಪ್ಪತ್ತಾರು ವರ್ಷಗಳ ಪಯಣದಲ್ಲಿ ಒಂದು ತಿಂಗಳ ವ್ಯತ್ಯಾಸ!

ಇಂದಿನ ವಿಧಾನವೂ ಮೂಲದಲ್ಲಿ ಅದೇ. ಹಿನ್ನೆಲೆಯ ನಕ್ಷತ್ರಗಳ ನಡುವೆ ಧೂಮಕೇತು ಎಲ್ಲಿದೆಯೆಂಬುದನ್ನು ಬೇರೆ ಬೇರೆ ರಾತ್ರಿಗಳಲ್ಲಿ ಅಳೆಯಬೇಕು. ಕನಿಷ್ಠ ಮೂರು ಅಳತೆಗಳಿದ್ದರೆ ಕಕ್ಷೆಯ ಮೊದಲ ರೂಪ ಸಿಗುತ್ತದೆ; ಅಳತೆಗಳು ಹೆಚ್ಚಿದಂತೆ, ಅವುಗಳ ನಡುವಣ ಕಾಲ ಉದ್ದವಾದಂತೆ, ಕಕ್ಷೆ ಖಚಿತವಾಗುತ್ತದೆ. ಅಲ್ಪಸ್ವಲ್ಪ ಏರುಪೇರು ಆಗ ಉಳಿಯುತ್ತದೆ, ನಿಜ. ಸುಮಾರು 3.3 ವರ್ಷಕ್ಕೊಮ್ಮೆ ಬರುವ ಎಂಕೆ ಧೂಮಕೇತು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರತಿ ಸುತ್ತಿಗೂ ಸುಮಾರು ಎರಡೂವರೆ ಗಂಟೆ ಮೊದಲೇ ಬರುತ್ತಿತ್ತು. ಹ್ಯಾಲಿಯದು ಕೇವಲ ಗುರುತ್ವದ ಲೆಕ್ಕಕ್ಕಿಂತ ಸುಮಾರು ನಾಲ್ಕು ದಿನ ತಡ. ಕಾರಣವನ್ನು ಫ್ರೆಡ್ ವಿಪಲ್ 1950ರಲ್ಲಿ ವಿವರಿಸಿದರು: ಧೂಮಕೇತುವಿನ ತಿರುಳು ಧೂಳು ಬೆರೆತ ಹಿಮದ ಗಡ್ಡೆ; ಬಿಸಿಲಿಗೆ ಚಿಮ್ಮುವ ಅನಿಲವು ರಾಕೆಟ್ಟಿನಂತೆ ಅದನ್ನು ಮೆಲ್ಲಗೆ ತಳ್ಳುತ್ತದೆ. ಈ ತಳ್ಳಾಟವನ್ನೂ ಲೆಕ್ಕಕ್ಕೆ ಸೇರಿಸುವುದನ್ನು ನಾವು ಕಲಿತಿದ್ದೇವೆ. ಆದ್ದರಿಂದಲೇ ಹ್ಯಾಲಿ ಧೂಮಕೇತು 2061ರ ಜುಲೈ 28ರಂದು ಸೂರ್ಯನ ಸಮೀಪ ಬರುವುದೆಂದು ಇಂದೇ ಹೇಳಬಹುದು.

ಕಾಂತಿಯ ಕಥೆ ಹೀಗಿಲ್ಲ. ಕೇವಲ ಬಂಡೆಯಾಗಿದ್ದರೆ ಸೂರ್ಯನಿಂದ ಇರುವ ದೂರ ಅರ್ಧವಾದಾಗ ಅದರ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ, ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಆದರೆ ಧೂಮಕೇತು ಸಮೀಪಿಸಿದಂತೆ ಹಿಮ ಆವಿಯಾಗಿ, ಅನಿಲ ಮತ್ತು ಧೂಳಿನ ಮೋಡ ಹಿಗ್ಗುತ್ತದೆ. ದೂರ ಅರ್ಧವಾದರೆ ಕಾಂತಿ ಹದಿನಾರು ಪಟ್ಟು ಎಂಬುದು ರೂಢಿಯ ಅಂದಾಜು. ಭೂಮಿಯಿಂದ ಇರುವ ದೂರದ ಲೆಕ್ಕ ಬೇರೆ. ಈ ಹದಿನಾರು ಎಂಬ ಸಂಖ್ಯೆ ಪ್ರಕೃತಿನಿಯಮವಲ್ಲ, ಸರಾಸರಿ ಮಾತ್ರ. ಒಂದೊಂದು ಧೂಮಕೇತುವಿಗೆ ಒಂದೊಂದು ಸ್ವಭಾವ. ಒಂದೇ ಧೂಮಕೇತುವೂ ನಡುದಾರಿಯಲ್ಲಿ ಸ್ವಭಾವ ಬದಲಿಸಬಹುದು.

ಉದಾಹರಣೆಗಳಿಗೆ ಬರವಿಲ್ಲ. 1973ರ ಮಾರ್ಚಿನಲ್ಲಿ ಪತ್ತೆಯಾದ ಕೊಹೌಟೆಕ್ ಧೂಮಕೇತುವನ್ನು 'ಶತಮಾನದ ಧೂಮಕೇತು' ಎಂದು ಕೊಂಡಾಡಿದರು. ಆ ಡಿಸೆಂಬರ್ 28ರಂದು ಅದು ಸೂರ್ಯನನ್ನು ಬಳಸಿ ಬಂದಾಗ ಸಾಮಾನ್ಯ ಜನರಿಗೆ ಕಂಡದ್ದು ಅತ್ಯಲ್ಪ. 2012ರಲ್ಲಿ ಪತ್ತೆಯಾದ ಐಸಾನ್ ಧೂಮಕೇತುವಿಗೂ ಅದೇ ಬಿರುದು ಸಿಕ್ಕಿತು. 2013ರ ನವೆಂಬರ್ 28ರಂದು ಸೂರ್ಯನ ಬಳಿ ಸುಳಿದು ಪುಡಿಪುಡಿಯಾಯಿತು. ವ್ಯತಿರಿಕ್ತವೂ ಉಂಟು. 2007ರ ಅಕ್ಟೋಬರಿನಲ್ಲಿ ಹೋಮ್ಸ್ ಧೂಮಕೇತು ಸೂರ್ಯನಿಂದ ದೂರ ಸರಿಯುತ್ತಿದ್ದಾಗ, ಸುಮಾರು ಎರಡು ದಿನಗಳಲ್ಲಿ ಐದು ಲಕ್ಷ ಪಟ್ಟು ಬೆಳಗಿ ಬರಿಗಣ್ಣಿಗೆ ಕಂಡಿತು. 2024ರಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಸೂರ್ಯನನ್ನು ಸಮೀಪಿಸುವ ಮೊದಲೇ ಒಡೆದುಹೋಗುವುದೆಂದು ಅನುಭವಿ ವಿಜ್ಞಾನಿಯೊಬ್ಬರು ಜುಲೈನಲ್ಲಿ ವಾದಿಸಿದ್ದರು. ಅದು ಸೆಪ್ಟೆಂಬರ್ 27ನ್ನು ದಾಟಿ ಬದುಕುಳಿದು, ಬೆಂಗಳೂರಿನವರ ಕ್ಯಾಮೆರಾಗಳಿಗೂ ಸಿಕ್ಕಿತು. ಈ ನಾಲ್ಕರಲ್ಲಿ ಯಾವುದರ ದಾರಿಯೂ ಲೆಕ್ಕ ತಪ್ಪಲಿಲ್ಲ. ಬೆಳಕು ಮಾತ್ರ ತಪ್ಪಿತು.

1986ರ ವಸಂತದಲ್ಲಿ ನಸುಕಿಗೇ ಎದ್ದು ನನ್ನೊಡನೆ ಬಯಲಿಗೆ ಬಂದಿದ್ದವರಿಗೆ ಇದು ಅನುಭವದಿಂದಲೇ ಗೊತ್ತು. ದಕ್ಷಿಣ ದಿಗಂತದಲ್ಲಿ, ಹೇಳಿದ ಜಾಗದಲ್ಲಿಯೇ ಹ್ಯಾಲಿ ಇತ್ತು. "ಇಷ್ಟೇನಾ ಸಾರ್?" ಎಂದು ಕೇಳಿದವರೂ ಇದ್ದರು. ಆ ಫೆಬ್ರವರಿಯಲ್ಲಿ ಅದು ಸೂರ್ಯನಿಗೆ ಅತಿ ಸಮೀಪವಿದ್ದಾಗ ಭೂಮಿಯು ಸೂರ್ಯನ ಆಚೆಬದಿಯಲ್ಲಿತ್ತು. ಹೀಗಾಗಿ ಎರಡು ಸಾವಿರ ವರ್ಷಗಳಲ್ಲಿಯೇ ಅತ್ಯಂತ ಕಳಪೆ ದರ್ಶನ ನಮ್ಮ ಪಾಲಿಗೆ ಬಂದಿತು. ಅಷ್ಟನ್ನು ಖಗೋಳಜ್ಞರು ಮೊದಲೇ ಹೇಳಿದ್ದರು. ಜನರ ಕಿವಿಗೆ ಬಿದ್ದದ್ದು ಮಾತ್ರ 'ಮಹಾಧೂಮಕೇತು' ಎಂಬ ಮಾತು.

ಸ್ವಲ್ಪ ಉತ್ಪ್ರೇಕ್ಷೆಯಿಲ್ಲದಿದ್ದರೆ ಈ ಕಾಲದಲ್ಲಿ ಯಾರು ತಲೆಯೆತ್ತಿ ನೋಡುತ್ತಾರೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಅದರ ಬೆಲೆ ಏನೆಂಬುದನ್ನು 1976ರಲ್ಲಿ ನೋಡಿದ್ದೇವೆ. ಕೊಹೌಟೆಕ್ ವಿಷಯದಲ್ಲಿ ಮುಖಭಂಗವಾಗಿದ್ದ ಪತ್ರಿಕೆಗಳು, ಆ ವರ್ಷ ಮಾರ್ಚಿನ ನಸುಕಿನಲ್ಲಿ ಬೀಸಣಿಗೆಯಂತೆ ಬಾಲ ಬಿಚ್ಚಿದ್ದ ವೆಸ್ಟ್ ಧೂಮಕೇತುವನ್ನು ಬಹುಮಟ್ಟಿಗೆ ಕಡೆಗಣಿಸಿದವು. ಅಸಂಖ್ಯ ಜನರು ಅದನ್ನು ನೋಡದೇ ಹೋದರು. ಇದಕ್ಕಿಂತ ದೊಡ್ಡ ಚಿಂತೆ ನನಗೆ ಇನ್ನೊಂದಿದೆ. ಬೆಳಕಿನ ಊಹೆ ಸುಳ್ಳಾದಾಗ, "ವಿಜ್ಞಾನಿಗಳು ಹೇಳುವುದೆಲ್ಲ ಹೀಗೆಯೇ" ಎಂದು ದಾರಿಯ ಲೆಕ್ಕವನ್ನೂ ಜನ ಅನುಮಾನಿಸುತ್ತಾರೆ. ನಾಳೆ ಮಳೆ, ಚಂಡಮಾರುತ, ರೋಗದ ವಿಚಾರದಲ್ಲಿಯೂ ಇದೇ ಅನುಮಾನ ಎದುರಾಗುತ್ತದೆ. ಯಾವುದು ಲೆಕ್ಕ, ಯಾವುದು ಅಂದಾಜು ಎಂಬ ವಿವೇಕವನ್ನು ಮಕ್ಕಳಿಗೆ ಕಲಿಸಲು ಧೂಮಕೇತುವಿಗಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಕಾಂತಿಯನ್ನು ಮುಂದಾಗಿ ಹೇಳಲಾಗದ್ದರಿಂದಲೇ ನೋಡಿ ಬರೆದಿಡುವವರ ಅಗತ್ಯ ಇಂದಿಗೂ ಉಳಿದಿದೆ. ಅದಕ್ಕೆ ಒಂದು ಸಾಧಾರಣ ಬೈನಾಕ್ಯುಲರ್ ಸಾಕು. ಧೂಮಕೇತು ಎಷ್ಟು ದೊಡ್ಡದಾಗಿ, ಎಷ್ಟು ಬೆಳಗಾಗಿ ಕಾಣುತ್ತದೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಳಿಕ ಹತ್ತಿರದ, ಕಾಂತಿಮಾನ ಗೊತ್ತಿರುವ ನಕ್ಷತ್ರಗಳನ್ನು ಅಷ್ಟೇ ಗಾತ್ರವಾಗುವಂತೆ ಮಸುಕುಮಾಡಿ ಹೋಲಿಸಿರಿ. ಒಂದಕ್ಕಿಂತ ಮಂದ, ಇನ್ನೊಂದಕ್ಕಿಂತ ಪ್ರಖರವಾದರೆ ಅದರ ಕಾಂತಿಮಾನ ಅವೆರಡರ ನಡುವೆ. ದಿನಾಂಕ, ವೇಳೆ, ಉಪಕರಣ, ಆಕಾಶದ ಸ್ಥಿತಿ ಇವಿಷ್ಟನ್ನೂ ಬರೆಯಿರಿ. ಹೀಗೆ ಹವ್ಯಾಸಿಗಳು ಕಳುಹಿಸಿದ ಅಳತೆಗಳನ್ನು ಜೋಡಿಸಿಯೇ ಧೂಮಕೇತುವಿನ ಕಾಂತಿಯ ಏರಿಳಿತದ ರೇಖೆಯನ್ನು ಎಳೆಯುತ್ತಾರೆ.

2061ರಲ್ಲಿ ಹ್ಯಾಲಿಯೂ ಭೂಮಿಯೂ ಸೂರ್ಯನ ಒಂದೇ ಬದಿಯಲ್ಲಿರುತ್ತವೆ. ದರ್ಶನ 1986ಕ್ಕಿಂತ ಚೆನ್ನಾಗಿರುವುದೆಂಬ ನಿರೀಕ್ಷೆಯಿದೆ. ನಿಮ್ಮ ಮಕ್ಕಳು, ಮೊಮ್ಮಕ್ಕಳು ನೋಡುತ್ತಾರೆ. ಅವರಿಗೆ ದಿನಾಂಕವನ್ನು ಧೈರ್ಯವಾಗಿ ಹೇಳಿ. ಬೆಳಕಿನ ಬಗ್ಗೆ "ನೋಡೋಣ" ಎನ್ನಿರಿ. ಅಷ್ಟರವರೆಗೆ ಬರುವ ಪ್ರತಿ ಧೂಮಕೇತುವಿಗೂ ಒಂದು ಪುಟ ಮೀಸಲಿಟ್ಟು ಟಿಪ್ಪಣಿಪುಸ್ತಕ ಆರಂಭಿಸಿದವರು ನನಗೆ ಅವಶ್ಯ ತಿಳಿಸಿರಿ.