ಹಳೆಯ ವಿದ್ಯುತ್ ಕಾರು: ಹೊಳಪಿಗಿಂತ ಬ್ಯಾಟರಿಯ ಲೆಕ್ಕ ಮುಖ್ಯ

ಒಂದು ಲೋಡ್ ಕಚ್ಚಾ ಮಾಲು ಕೊಳ್ಳುವಾಗ ತೂಕ, ತೇವಾಂಶ, ಗುಣಮಟ್ಟಗಳನ್ನೆಲ್ಲ ಪರೀಕ್ಷಿಸುವ ವ್ಯಾಪಾರಿ ಬಂಧುಗಳು, ಅದರ ಹತ್ತು ಪಟ್ಟು ಬೆಲೆಯ ಹಳೆಯ ಕಾರನ್ನು ಅರ್ಧ ಗಂಟೆಯ ಸವಾರಿಯಲ್ಲಿ ನಿರ್ಧರಿಸಿಬಿಡುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಈಗ ಆ ಸಾಲಿಗೆ ಐಷಾರಾಮಿ ವಿದ್ಯುತ್ ಕಾರುಗಳೂ ಸೇರಿವೆ. 2020 ಮತ್ತು 2021ರಲ್ಲಿ ಮರ್ಸಿಡಿಸ್ ಇಕ್ಯೂಸಿ, ಜಾಗ್ವಾರ್ ಐ-ಪೇಸ್, ಆಡಿ ಇ-ಟ್ರಾನ್ ಮುಂತಾದವು ಸುಮಾರು ಒಂದು ಕೋಟಿ ರೂಪಾಯಿ ಬೆಲೆಗೆ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಅವು ಈಗ ಮೊದಲ ಬೆಲೆಗಿಂತ ಬಹಳ ಕಡಿಮೆಗೆ ಮರುಮಾರಾಟಕ್ಕೆ ಬರುತ್ತಿವೆ. ಬೆಲೆ ಇಳಿದಿರುವುದು ನಿಜ. ಆದರೆ ಇಳಿದದ್ದು ಬೆಲೆ ಮಾತ್ರವೇ, ಅಥವಾ ಅದರೊಡನೆ ಕಾರಿನ ಸತ್ತ್ವವೂ ಇಳಿದಿದೆಯೇ ಎಂಬುದೇ ಪ್ರಶ್ನೆ.

ಪೆಟ್ರೋಲ್ ಕಾರನ್ನು ಅಳೆಯುವ ನಮ್ಮ ಹಳೆಯ ಮಾನದಂಡಗಳು ಇಲ್ಲಿ ಸಾಲವು. ಎಂಜಿನ್ನಿನ ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ. ಓಡಿದ ಕಿಲೋಮೀಟರು ಕಡಿಮೆ ಎಂಬುದೂ ಸಂಪೂರ್ಣ ಭರವಸೆಯಲ್ಲ. ಸದಾ ಪೂರ್ತಿ ಚಾರ್ಜ್ ಮಾಡಿ ಬಿಸಿಲಿನಲ್ಲಿ ನಿಲ್ಲಿಸಿಟ್ಟ ಬ್ಯಾಟರಿ, ಓಡದೆಯೇ ಸವೆಯುತ್ತದೆ. ಕಾರಿನ ಅತ್ಯಂತ ದುಬಾರಿ ಅಂಗವೇ ಕಣ್ಣಿಗೆ ಕಾಣದಂತೆ ನೆಲಹಾಸಿನ ಅಡಿಯಲ್ಲಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಹಿರಿಯರ ಮಾತು ಹೊಳೆಯುವ ಬಣ್ಣಕ್ಕೂ ಅನ್ವಯಿಸುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಅಧಿಕೃತ ಸೇವಾ ಕೇಂದ್ರದಿಂದ ಬ್ಯಾಟರಿಯ ಉಳಿದ ಸಾಮರ್ಥ್ಯದ ಲಿಖಿತ ವರದಿ ಪಡೆಯುವುದು ಮೊದಲ ಹೆಜ್ಜೆ. ಅದರೊಂದಿಗೆ ಒಂದು ಸರಳ ತಾಳೆಯನ್ನು ನಾವೇ ಮಾಡಬಹುದು. ಆಡಿ ಇ-ಟ್ರಾನ್ 55 ಮಾದರಿಯ ಬ್ಯಾಟರಿಯಲ್ಲಿ ಹೊಸದಿದ್ದಾಗ ಬಳಕೆಗೆ ಸಿಗುವುದು ಸುಮಾರು 86 ಯೂನಿಟ್. ಪರದೆಯಲ್ಲಿ ಶೇ. 20 ಇದ್ದಾಗ ಚಾರ್ಜ್‌ಗೆ ಹಾಕಿ ಶೇ. 80ಕ್ಕೆ ನಿಲ್ಲಿಸಿದರೆ, ತುಂಬಬೇಕಾದದ್ದು ಸುಮಾರು 52 ಯೂನಿಟ್. ಚಾರ್ಜಿಂಗ್‌ನಲ್ಲಿ ಶೇ. 10ರಷ್ಟು ಸೋರಿಕೆ ಎಂದು ಹಿಡಿದರೆ ಮೀಟರಿನಲ್ಲಿ 57ರ ಆಸುಪಾಸು ಕಾಣಬೇಕು. ಮೀಟರು 47 ಮಾತ್ರ ತೋರಿಸಿದರೆ, ಬ್ಯಾಟರಿಯ ಐದರಲ್ಲಿ ಒಂದು ಪಾಲು ಸಾಮರ್ಥ್ಯ ಕರಗಿದೆ ಎಂದು ಅಂದಾಜಿಸಬಹುದು. ಇದು ಸ್ಥೂಲ ಲೆಕ್ಕವೇ ಹೌದು. ಆದರೆ ವರದಿಯ ಅಂಕಿಗೂ ಈ ಅಂಕಿಗೂ ಬಹಳ ಅಂತರವಿದ್ದರೆ ವ್ಯವಹಾರವನ್ನು ಅಲ್ಲಿಗೇ ತಡೆಹಿಡಿಯುವುದು ಕ್ಷೇಮ.

ಎರಡನೆಯದು ಖಾತರಿ. ಈ ಕಾರುಗಳ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ತಯಾರಕರ ಖಾತರಿ ಇರುತ್ತದೆ. 2021ರಲ್ಲಿ ಮಾರಾಟವಾದ ಕಾರಿನ ಖಾತರಿ 2029ಕ್ಕೆ ಮುಗಿಯುತ್ತದೆ. ಸಾಮರ್ಥ್ಯವು ಶೇ. 70ಕ್ಕಿಂತ ಕೆಳಗಿಳಿದರೆ ಮಾತ್ರ ಪರಿಹಾರವೆಂಬ ಷರತ್ತೂ ಸಾಮಾನ್ಯ. ಅಂದರೆ ಶೇ. 80ಕ್ಕೆ ಕೊಂಡ ಕಾರು ಶೇ. 71ಕ್ಕೆ ಇಳಿದರೆ ಆ ನಷ್ಟವನ್ನು ಕೊಂಡವರೇ ಹೊರಬೇಕು. ಆದ್ದರಿಂದ ಖಾತರಿಯು ಎರಡನೆಯ ಮಾಲೀಕರಿಗೆ ವರ್ಗಾವಣೆಯಾಗುವುದೇ, ನಿಗದಿತ ಸೇವೆಗಳು ತಪ್ಪಿಲ್ಲವೇ ಎಂಬುದನ್ನು ತಯಾರಕರಿಂದಲೇ ಲಿಖಿತವಾಗಿ ತಿಳಿಯಬೇಕು. ಮಾರುವವರ ಬಾಯಿಮಾತು ಸಾಲದು.

ಮೂರನೆಯದು ಪೂರ್ವಚರಿತ್ರೆ. 2021ರಲ್ಲಿ ಜನರಲ್ ಮೋಟಾರ್ಸ್ ತನ್ನ ಎಲ್ಲ ಶೆವ್ರೊಲೆ ಬೋಲ್ಟ್ ಕಾರುಗಳನ್ನೂ ಬ್ಯಾಟರಿ ಕೋಶಗಳ ದೋಷದಿಂದ ಹಿಂದಕ್ಕೆ ಕರೆಯಬೇಕಾಯಿತು. 2023ರಲ್ಲಿ ಅಮೆರಿಕದಲ್ಲಿ ಜಾಗ್ವಾರ್ ಐ-ಪೇಸ್ ಕಾರುಗಳನ್ನೂ ಬೆಂಕಿಯ ಅಪಾಯದ ಕಾರಣ ಹಿಂದಕ್ಕೆ ಕರೆಯಲಾಯಿತು. ಹೆಸರಾಂತ ಲಾಂಛನವೊಂದೇ ರಕ್ಷಣೆಯಲ್ಲ ಎಂಬುದಕ್ಕೆ ಇವು ಸಾಕ್ಷಿ. ನೋಡುತ್ತಿರುವ ಕಾರಿಗೆ ಅಂತಹ ಕರೆ ಬಂದಿತ್ತೇ, ದುರಸ್ತಿ ಆಗಿದೆಯೇ ಎಂದು ಚಾಸಿ ಸಂಖ್ಯೆ ಕೊಟ್ಟು ವಿಚಾರಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಐಷಾರಾಮಿ ಕಾರುಗಳು ನೆರೆಯಲ್ಲಿ ಮುಳುಗಿದ ಚಿತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ವಿಮಾ ಪರಿಹಾರದ ವಿವರ ಕೇಳಲು ಸಂಕೋಚ ಬೇಡ.

ತೆರಿಗೆಯ ವಿಷಯವಾಗಿ ಎರಡು ಮಾತು. ಹೊಸ ವಿದ್ಯುತ್ ಕಾರಿಗೆ 2019ರ ಆಗಸ್ಟ್‌ನಿಂದ ಜಿಎಸ್‌ಟಿ ಶೇ. 5. ಆದರೆ ನೋಂದಾಯಿತ ವ್ಯಾಪಾರಿ ಮಾರುವ ಹಳೆಯ ವಿದ್ಯುತ್ ಕಾರಿಗೆ 2025ರ ಜನವರಿ 16ರಿಂದ ಲಾಭಾಂಶದ ಮೇಲೆ ಶೇ. 18 ವಿಧಿಸಲಾಗಿದೆ. ಸ್ವಂತ ಓಡಾಟಕ್ಕೆ ಸಂಸ್ಥೆಯ ಹೆಸರಿನಲ್ಲಿ ಕೊಂಡ ಕಾರಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯದು. ಸವಕಳಿಯಿಂದ ತೆರಿಗೆ ಉಳಿಯುತ್ತದೆ ಎಂಬ ಸಲಹೆಯೂ ಕೇಳಿಬರುತ್ತದೆ. ಪುಸ್ತಕದ ಸವಕಳಿಯನ್ನು ನಾವು ಬರೆಯುತ್ತೇವೆ, ಬ್ಯಾಟರಿಯ ಸವಕಳಿಯನ್ನು ಅದೇ ಬರೆದುಕೊಳ್ಳುತ್ತದೆ. ಒಂದು ರೂಪಾಯಿ ನಷ್ಟಕ್ಕೆ ಮೂವತ್ತು ಪೈಸೆ ತೆರಿಗೆ ಉಳಿದರೂ ಎಪ್ಪತ್ತು ಪೈಸೆ ಕೈಬಿಟ್ಟುಹೋದದ್ದೇ. ಸಣ್ಣ ಕೈಗಾರಿಕೆಯವರಿಗೆ ಆ ಎಪ್ಪತ್ತು ಪೈಸೆ ಹೆಚ್ಚಾಗಿ ದುಡಿಯುವ ಬಂಡವಾಳದಿಂದಲೇ ಹೋಗುತ್ತದೆ.

ಇಂತಹ ಕಾರುಗಳೇ ಬೇಡವೆಂಬುದು ನನ್ನ ಅಭಿಪ್ರಾಯವಲ್ಲ. ಎಂಜಿನ್ ಎಣ್ಣೆ, ಕ್ಲಚ್, ಗೇರುಗಳ ತಾಪತ್ರಯ ಇವುಗಳಲ್ಲಿಲ್ಲ. ಚೆನ್ನಾಗಿ ನೋಡಿಕೊಂಡ ಬ್ಯಾಟರಿ ನಿಧಾನವಾಗಿಯೇ ಸವೆಯುತ್ತದೆ. ಆದರೆ ಖಾತರಿಯ ಅವಧಿ ಕನಿಷ್ಠ ಎರಡು ವರ್ಷ ಉಳಿದಿಲ್ಲದ, ಬ್ಯಾಟರಿಯ ವರದಿ ಕೊಡಲು ಹಿಂಜರಿಯುವ ಯಾವ ಕಾರನ್ನೂ, ಬೆಲೆ ಎಷ್ಟೇ ಕಡಿಮೆ ಇರಲಿ, ಕೊಳ್ಳಬಾರದೆಂಬುದು ನನ್ನ ಖಚಿತ ಮತ. ವರದಿಯ ಅಂಕಿಯನ್ನು ಮಾರಾಟದ ಕರಾರಿನಲ್ಲೇ ನಮೂದಿಸಬೇಕು.

ಐರೋಪ್ಯ ಒಕ್ಕೂಟವು 2023ರ ತನ್ನ ಬ್ಯಾಟರಿ ನಿಯಮದ ಮೂಲಕ, 2027ರ ಫೆಬ್ರವರಿಯಿಂದ ವಾಹನದ ಬ್ಯಾಟರಿಗಳಿಗೆ ಪ್ರತ್ಯೇಕ ದಾಖಲೆಯನ್ನು ವಿಧಿಸಿದೆ. ನಮ್ಮಲ್ಲಿ ವಿದ್ಯುತ್ ವಾಹನಕ್ಕೆ ಹೊಗೆ ತಪಾಸಣೆಯಿಂದ ವಿನಾಯಿತಿ ಇರುವುದು ಸರಿಯೇ. ಅದರ ಬದಲಿಗೆ, ಮಾಲೀಕತ್ವ ವರ್ಗಾವಣೆಯ ವೇಳೆ ಬ್ಯಾಟರಿಯ ಸ್ಥಿತಿಪತ್ರವನ್ನು ಕಡ್ಡಾಯಗೊಳಿಸುವಂತೆ ನಮ್ಮ ಸಂಸ್ಥೆಯು ಸರ್ಕಾರಕ್ಕೆ ಮನವಿ ಸಲ್ಲಿಸುವುದು ಉಚಿತ. ಅಲ್ಲಿಯವರೆಗೆ, ಅಢಾವೆ ಪತ್ರಿಕೆ ನೋಡದೆ ಯಾರ ವ್ಯಾಪಾರವನ್ನೂ ಕೊಳ್ಳದ ನಾವು, ಬ್ಯಾಟರಿಯ ಲೆಕ್ಕ ನೋಡದೆ ಕಾರನ್ನೂ ಕೊಳ್ಳದಿರೋಣ.