ಮೊದಲು ಲೆನ್ಸು, ಆಮೇಲೆ ಬಾಡಿ
ಈ ವಾರ ಬಯಲಾಟವೊಂದರಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗನ ಕೈಯಲ್ಲಿ ಹೊಚ್ಚಹೊಸ ದುಬಾರಿ ಕ್ಯಾಮೆರಾ. ಅದರ ಮುಂದೆ ಮಾತ್ರ ಜೂಮ್ ಮಾಡಿದರೆ ಎಫ್/5.6ಕ್ಕೆ ಇಳಿಯುವ ಕಿಟ್ ಲೆನ್ಸು. ವೇಷ ಗಿರಕಿ ಹೊಡೆದಾಗಲೆಲ್ಲ ಕಿರೀಟ, ಮುಖ ಎರಡೂ ಕಲಸಿಹೋಗುತ್ತಿದ್ದವು. ಐಎಸ್‌ಒ ಏರಿಸಿದರೆ ಬಣ್ಣದ ತುಂಬ ಕಾಳುಕಾಳು. ಅದೇ ಜಾಗದಲ್ಲಿ 85 ಎಂಎಂ ಎಫ್/1.8 ಲೆನ್ಸು ಇದ್ದಿದ್ದರೆ ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕು ಒಳಗೆ ಬರುತ್ತಿತ್ತು. 1/60 ಸೆಕೆಂಡಿನಲ್ಲಿ ತೆಗೆಯುತ್ತಿದ್ದ ಚಿತ್ರವನ್ನು 1/500ರಲ್ಲಿ ತೆಗೆಯಬಹುದಿತ್ತು. ಹೊಸ ಬಾಡಿ ಎಷ್ಟೇ ಚುರುಕಾಗಿದ್ದರೂ ಲೆನ್ಸು ಒಳಗೆ ಬಿಡದ ಬೆಳಕನ್ನು ಎಲ್ಲಿಂದ ತಂದೀತು? ಬಾಳಿಕೆಯ ಲೆಕ್ಕವೂ ಇದನ್ನೇ ಹೇಳುತ್ತದೆ. 1999ರಲ್ಲಿ ಪತ್ರಿಕಾ ಛಾಯಾಗ್ರಾಹಕರು ಆಸೆಪಟ್ಟು ಕೊಂಡ ನಿಕಾನ್ ಡಿ1 ಬರೀ 2.7 ಮೆಗಾಪಿಕ್ಸೆಲ್‌ನದು, ಇವತ್ತು ಅದಕ್ಕೆ ಗಿರಾಕಿಯಿಲ್ಲ. ಅದರ ಮೇಲೆ ಕೂತಿದ್ದ ಒಳ್ಳೆಯ ಲೆನ್ಸು ಮಾತ್ರ, ಫೋಕಸ್ ಕೈಯಿಂದ ಮಾಡಬೇಕಾಗಿ ಬಂದರೂ, ಅಡಾಪ್ಟರ್ ಹಾಕಿದರೆ ಈಗಿನ ಮಿರರ್‌ಲೆಸ್ ಮೇಲೂ ಕೆಲಸ ಮಾಡುತ್ತದೆ. ಬಾಡಿ ಒಂದು ಹಂಗಾಮಿನ ಬೆಳೆ, ಲೆನ್ಸು ತೆಂಗಿನ ಮರ. ರಂಗನತಿಟ್ಟಿನಲ್ಲಿ ಹಾರುವ ಹಕ್ಕಿಯ ಕಣ್ಣನ್ನು ಬೆನ್ನಟ್ಟುವವರಿಗೆ ಬಾಡಿಯ ಆಟೋಫೋಕಸ್ ನಿಜಕ್ಕೂ ಮುಖ್ಯ, ಒಪ್ಪುತ್ತೇನೆ. ಆದರೆ ಅವರಿಗೂ ಮೊದಲು ಬೇಕಾದದ್ದು ಉದ್ದದ ಲೆನ್ಸೇ. ಹಾಗಾಗಿ ಹೊಸದಾಗಿ ಕೈಹಾಕುವವರಿಗೆ ನನ್ನ ಮಾತು ಇಷ್ಟೇ: ಸೆಕೆಂಡ್‌ಹ್ಯಾಂಡ್ ಬಾಡಿ ಸಾಕು, ಉಳಿದ ದುಡ್ಡನ್ನು ಧೈರ್ಯವಾಗಿ ಲೆನ್ಸಿಗೆ ಸುರಿಯಿರಿ.